ಇಪ್ಪತ್ತಮೂರು ಹಂಪುಗಳ ದಾರಿಗೆ ಒಂದು ಕಾರು

ಬೆಳಗಿನ ಐದು ಗಂಟೆ. ಬೀದಿ ದೀಪಗಳು ಇನ್ನೂ ಉರಿಯುತ್ತಿವೆ. ಇಸ್ತ್ರಿ ಅಂಗಡಿಯ ಮುಂದೆ ನಿಂತ ಹಳೆಯ ವ್ಯಾನಿನೊಳಗೆ ಒಬ್ಬ ದೊಡ್ಡ ಆಳು ಮಂಡಿಯೂರಿ ಕೂತು ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಿದ್ದಾರೆ. ಎಲ್ಲಾದರೂ ಸ್ಪ್ರಿಂಗು ಚುಚ್ಚುತ್ತದೆಯೇ ಎಂಬ ತಪಾಸಣೆ ಅದು. ಆಮೇಲೆ ಕಿಟಕಿಗಳನ್ನೆಲ್ಲ ತೆರೆದು ಒಳಗಿನ ಗಾಳಿ ಹೊರಗೆ ಹೋಗಲು ಬಿಡುತ್ತಾರೆ. ಎರಡು ಶಾಲು, ಕೈ ಇಟ್ಟುಕೊಳ್ಳಲು ಒಂದು ಪುಟ್ಟ ದಿಂಬು, ವಾಂತಿ ಬಂದರೆ ಇರಲಿ ಎಂದು ಮುಚ್ಚಳದ ಡಬ್ಬಿ, ಹತ್ತಿ ಇಳಿಯಲು ಒಂದು ಮರದ ಮಣೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಇವೆಯೇ ಎಂದು ನೋಡುತ್ತಾರೆ. ಸುಗಂಧದ ಶೀಶೆ ಇಲ್ಲ, ಹಾಡಿನ ಪೆಟ್ಟಿಗೆಯೂ ಇಲ್ಲ. "ವಾಸನೆ ಬಂದ್ರೆ ಅವರಿಗೆ ಹೊಟ್ಟೆ ತೊಳಸುತ್ತೆ. ಹಾಡು ಹಾಕಿದ್ರೆ ತಲೆ ಸಿಡಿಯುತ್ತೆ. ಹಾಗಾಗಿ ಎರಡೂ ಬೇಡ" ಎನ್ನುತ್ತಾ ಸ್ಟೀರಿಂಗಿನ ಮುಂದೆ ಕೂರುತ್ತಾರೆ.

ಇವರು ಮೆಲ್ಲಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ ಉಳಿದುಕೊಂಡಿದೆ. ಟ್ಯಾಕ್ಸಿ ಸ್ಟ್ಯಾಂಡಿನವರು ತಮಾಷೆಗೆ ಇಟ್ಟ ಅಡ್ಡಹೆಸರು ಹನ್ನೊಂದು ವರ್ಷದಲ್ಲಿ ಗಟ್ಟಿಯಾಗಿ ಅಂಟಿಕೊಂಡಿತು. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟದ ಟ್ಯಾಕ್ಸಿಯನ್ನು ಯಾರು ತಾನೇ ಸುಮ್ಮನೆ ಬಿಡುತ್ತಾರೆ! ಸೈಕಲ್ಲಿನವರು ಪಕ್ಕದಲ್ಲೇ ದಾಟಿಕೊಂಡು ಹೋಗುವಾಗ ಗಾಜು ತಟ್ಟಿ "ಏನಣ್ಣ, ತಳ್ಳಬೇಕಾ?" ಎಂದು ಕೇಳುವುದುಂಟು. ಮೆಲ್ಲಣ್ಣ ಅವರಿಗೂ ಒಂದು ಸಲಾಮು ಹೊಡೆದು ಕಳಿಸುತ್ತಾರೆ.

ಅವರ ಗಾಡಿಯಲ್ಲಿ ಕೂರುವವರು ನಾಲ್ವರು. ಸೋಮವಾರ, ಬುಧವಾರ, ಶುಕ್ರವಾರ ಇಬ್ಬರು. ಮಂಗಳವಾರ, ಗುರುವಾರ, ಶನಿವಾರ ಇನ್ನಿಬ್ಬರು. ಎಲ್ಲರಿಗೂ ಮೂತ್ರಪಿಂಡ ಕೈಕೊಟ್ಟಿದೆ, ಎಲ್ಲರಿಗೂ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಗೆ ಹದಿನಾರು ಕಿಲೋಮೀಟರ್, ಮುಕ್ಕಾಲು ಗಂಟೆಯ ದಾರಿ. ಅಲ್ಲಿ ನಾಲ್ಕು ಗಂಟೆ ಮೆಷೀನಿನ ಪಕ್ಕ ಮಲಗಿರುವುದು ಅವರ ಕೆಲಸ, ಹೊರಗೆ ಕಾಯುವುದು ಮೆಲ್ಲಣ್ಣನ ಕೆಲಸ. ಮಧ್ಯೆ ಬೇರೆ ಬಾಡಿಗೆ ಹಿಡಿಯುವುದಿಲ್ಲ. ಒಳಗೆ ಯಾರಿಗಾದರೂ ಬಿಪಿ ಇಳಿದು ಬೇಗ ಕಳಿಸಿಬಿಟ್ಟರೆ, ಅವರು ಗೇಟಿನ ಹತ್ತಿರ ಗೋಡೆ ಹಿಡಿದುಕೊಂಡು ನಿಲ್ಲುವಂತಾಗಬಾರದು, ನೋಡಿ.

ದಾರಿಯಲ್ಲಿ ಇಪ್ಪತ್ತಮೂರು ಹಂಪುಗಳಿವೆ. ಈ ಲೆಕ್ಕ ಮೆಲ್ಲಣ್ಣನದಲ್ಲ, ಟೀಚರಮ್ಮನದು. ಗಣಿತದ ಟೀಚರಾಗಿ ನಿವೃತ್ತರಾದ ಅರವತ್ತೆಂಟರ ಈ ಹೆಂಗಸು ಆರು ವರ್ಷದಿಂದ ಇದೇ ವ್ಯಾನಿನಲ್ಲಿ ಓಡಾಡುತ್ತಿದ್ದಾರೆ. ಹಂಪು ಬರುವ ಮುಂಚೆ ಮೆಲ್ಲಣ್ಣ "ಬಂತು" ಎನ್ನುತ್ತಾರೆ. ಟೀಚರಮ್ಮ ಸೂಜಿ ಚುಚ್ಚಿದ ಎಡಗೈಯನ್ನು ಬಲಗೈಯಿಂದ ಅವುಚಿ ಹಿಡಿದು, ಗಾಡಿ ಎದ್ದು ಬಿದ್ದ ಮೇಲೆ "ಒಂದು" ಎನ್ನುತ್ತಾರೆ. ಹೀಗೇ ಇಪ್ಪತ್ತಮೂರರವರೆಗೆ. "ಎಣಿಸಿದ್ರೆ ಇನ್ನೆಷ್ಟು ಬಾಕಿ ಇದೆ ಅಂತ ಗೊತ್ತಿರುತ್ತೆ ಕಣೋ. ಗೊತ್ತಿದ್ರೆ ತಡ್ಕೋಬಹುದು" ಎಂಬುದು ಅವರ ವಾದ. ಪಕ್ಕದಲ್ಲಿ ಕೂರುವ ಟೈಲರ್‌ಗೆ ನಲವತ್ತೂ ದಾಟಿಲ್ಲ. ಅವರು ಎಣಿಸುವುದಿಲ್ಲ, ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಾರೆ.

ಮೆಲ್ಲಣ್ಣ ಈ ಕೆಲಸಕ್ಕೆ ಬಂದದ್ದು ಅಕ್ಕನಿಂದ. ಆಗ ಅವರು ಲಾರಿ ಓಡಿಸುತ್ತಿದ್ದರು. ಅಕ್ಕನಿಗೆ ಡಯಾಲಿಸಿಸ್ ಶುರುವಾದಾಗ ಬಸ್ಸಿನಲ್ಲಿ, ಸಿಕ್ಕಿದ ಆಟೋದಲ್ಲಿ ಕರೆದುಕೊಂಡು ಹೋದರು. ಆಟೋದವರಿಗೆ ಮುಂದಿನ ಬಾಡಿಗೆಯ ಅವಸರ. "ಹಂಪು ಬಂದಾಗಲೆಲ್ಲ ನನ್ನ ಹೆಗಲು ಹಿಡ್ಕೋತಿದ್ಳು. ಬಾಯಿ ಬಿಟ್ಟು ಏನೂ ಹೇಳ್ತಿರ್ಲಿಲ್ಲ. ಉಗುರು ಮಾತ್ರ ಒಳಗೆ ಇಳೀತಿತ್ತು." ಎರಡು ವರ್ಷಕ್ಕೆ ಅಕ್ಕ ಹೋಗಿಬಿಟ್ಟರು. ಲಾರಿ ಬಿಟ್ಟು ಈ ವ್ಯಾನು ಕೊಂಡದ್ದು ಅದಾದ ಮೇಲೆ. "ನಾನೇ ಡ್ರೈವರು, ನಮ್ಮಕ್ಕನ್ನ ಒಂದೇ ಒಂದು ದಿನ ಒಳ್ಳೇ ಗಾಡೀಲಿ ಕೂರಿಸೋಕಾಗ್ಲಿಲ್ಲ" ಎನ್ನುತ್ತಾರೆ ಆ ದೊಡ್ಡ ಆಳು ಈಗಲೂ. ಮರೆಯಲಾಗದ್ದನ್ನು ಮರೆತೆ ಎಂದು ಹೇಳುವ ಜಾಯಮಾನ ಅವರದಲ್ಲ.

ಇಷ್ಟು ವರ್ಷ ದುಡಿದ ವ್ಯಾನಿಗೂ ಈಗ ವಯಸ್ಸಾಗಿದೆ. ಮುಂದಿನ ತಿಂಗಳ ಕೊನೆಗೆ ಪರ್ಮಿಟ್ಟು ಮುಗಿಯುತ್ತದೆ, ಆಮೇಲೆ ಅದು ರಸ್ತೆಗೆ ಇಳಿಯುವಂತಿಲ್ಲ. ಹೊಸ ಗಾಡಿ ಬೇಕೇ ಬೇಕು. ಎಲ್ಲರೂ ಹೇಳಿದ್ದು ಒಂದೇ ಮಾತು: ಇದರಂಥದ್ದೇ ಎತ್ತರದ್ದು ತಗೋ. ಆದರೆ ಮೆಲ್ಲಣ್ಣನ ಕಣ್ಣು ಬಿದ್ದದ್ದು ಬೇರೆ ಕಡೆ. ಆಸ್ಪತ್ರೆಗೆ ಹೋಗುವ ದಾರಿಯ ಷೋರೂಮಿನ ಗಾಜಿನ ಹಿಂದೆ ಒಂದು ಕಡುನೀಲಿ ಸೆಡಾನ್ ನಿಂತಿದೆ. ತೀರಾ ದೊಡ್ಡದಲ್ಲ, ಸಣ್ಣದೂ ಅಲ್ಲ. ಉದ್ದ ಮೂಗು, ಹಿಂದಕ್ಕೆ ನಯವಾಗಿ ಇಳಿಯುವ ಚಾವಣಿ, ಗಾಲಿಕುರ್ಚಿ ಮಡಚಿ ಇಟ್ಟರೂ ಜಾಗ ಮಿಗುವ ಡಿಕ್ಕಿ.

"ಐವತ್ತಾರನೇ ವಯಸ್ಸಲ್ಲಿ ಷೋಕಿ ಶುರುವಾಗಿದೆ ಇವರಿಗೆ" ಎಂದು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ನಗುತ್ತಾರೆ ಹೆಂಡತಿ. ಅಂಗಡಿ ಅವರದು, ನಾಲಿಗೆಯೂ ಇಸ್ತ್ರಿಯಷ್ಟೇ ಬಿಸಿ. "ರೀ, ಕಡುನೀಲಿಗೆ ಧೂಳು ಎಷ್ಟು ಕಾಣುತ್ತೆ ಗೊತ್ತಾ? ದಿನಾ ಒರೆಸೋರು ಯಾರು?"

"ನಾನೇ ಒರೆಸ್ತೀನಿ ಕಣೆ."

"ಮನೇಲಿ ಒಂದು ಲೋಟ ತೊಳೆದಿದ್ದು ಕಾಣೆ. ಕಾರು ಒರೆಸ್ತಾರಂತೆ!"

ಷೋಕಿ ಇಲ್ಲವೆಂದು ಮೆಲ್ಲಣ್ಣ ಸುಳ್ಳು ಹೇಳುವುದಿಲ್ಲ. "ಚೆಂದ ಇದೆ, ಆಸೆ ಆಯ್ತು. ಆಸೆಪಟ್ಟಿದ್ದಕ್ಕೆಲ್ಲ ಕಾರಣ ಎಲ್ಲಿಂದ ತರ್ಲಿ?" ಎನ್ನುತ್ತಾರೆ. ಆದರೆ ಭಯವೂ ಇತ್ತು. ಸೆಡಾನಿನ ಸೀಟು ತಗ್ಗು, ಟೀಚರಮ್ಮನ ಮಂಡಿ ಸವೆದಿದೆ. ಅವರಿಗೆ ಹತ್ತಿ ಇಳಿಯಲಾಗದ ಗಾಡಿ ತಂದರೆ ಆರು ವರ್ಷ ಜೊತೆಗಿದ್ದವರನ್ನು ಬೀದಿಯಲ್ಲಿ ಬಿಟ್ಟ ಹಾಗೆ. ಸಾಲದ್ದಕ್ಕೆ ಇದು ಅವರ ಕೊನೆಯ ಗಾಡಿ. ಒಂದು ಸಲ ತಪ್ಪಿದರೆ ತಿದ್ದಲು ಇನ್ನೊಂದು ಬರುವುದಿಲ್ಲ.

ಅದಕ್ಕೇ ಒಂದು ಭಾನುವಾರ ಟೀಚರಮ್ಮನನ್ನು ಷೋರೂಮಿಗೆ ಕರೆದುಕೊಂಡು ಹೋದರು. ಅವರು ಹಿಂದಿನ ಸೀಟಿನಲ್ಲಿ ಕೂತರು, ಬಾಗಿಲ ಚೌಕಟ್ಟು ಹಿಡಿದು ಎದ್ದೂ ನಿಂತರು. ಮೆಲ್ಲಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮನೆಗೆ ಬಂದು ಊಟಕ್ಕೆ ಕೂತಾಗ ತುತ್ತು ಕೈಯಲ್ಲೇ ನಿಂತಿತು. ಛೆ, ಎಂಥ ತಪ್ಪು! ಭಾನುವಾರ ಟೀಚರಮ್ಮ ಗಟ್ಟಿ ಇರುತ್ತಾರೆ. ನಾಲ್ಕು ಗಂಟೆ ರಕ್ತವೆಲ್ಲ ಮೆಷೀನಿನೊಳಗೆ ತಿರುಗಿ ಬಂದ ಮೇಲೆ ಕಾಲಿನಲ್ಲಿ ಕಸುವೇ ಇರುವುದಿಲ್ಲ. ಗಾಡಿಯನ್ನು ಪರೀಕ್ಷಿಸಬೇಕಾದ್ದು ಆ ಹೊತ್ತಿನಲ್ಲಿ.

ಮರುದಿನವೇ ಷೋರೂಮಿನಲ್ಲಿ ಕಾರು ತೋರಿಸಿದ್ದ ಯುವತಿಗೆ ಫೋನು ಮಾಡಿ, ಬುಧವಾರ ಹನ್ನೊಂದೂಕಾಲಿಗೆ ಕಾರನ್ನು ಆಸ್ಪತ್ರೆಯ ಗೇಟಿಗೆ ತರಲು ಕೇಳಿಕೊಂಡರು. ಅವಳಿಗೆ ಅಚ್ಚರಿ. "ಸಾರ್, ಟೆಸ್ಟ್ ಡ್ರೈವ್‌ಗೆ ಎಲ್ಲರೂ ಫ್ಯಾಮಿಲಿ ಕರ್ಕೊಂಡು ಬರ್ತಾರೆ. ಪೇಷಂಟುಗಳನ್ನ ಯಾರೂ ಕರ್ಕೊಂಡು ಬಂದಿಲ್ಲ."

"ಓಡಿಸೋದಷ್ಟೇ ನಾನು ಮೇಡಂ. ಕೂರೋದು ಅವರಲ್ವಾ?"

ಹೇಳಿದ ಹೊತ್ತಿಗೆ ಬಂದಳು ಪುಣ್ಯಾತ್ಗಿತ್ತಿ. ಮುಂದಿನ ಸೀಟಿನಲ್ಲಿ ಅವಳು ಕೂತಳು, ಹಿಂದೆ ಟೈಲರ್ ಮತ್ತು ಟೀಚರಮ್ಮ. ಟೀಚರಮ್ಮನ ತಲೆ ಇಳಿಜಾರು ಚಾವಣಿಗೆ ತಾಗದಂತೆ ಮೆಲ್ಲಣ್ಣ ತಮ್ಮ ಅಂಗೈ ಅಡ್ಡ ಹಿಡಿದರು. ಅವರು ಸೀಟಿಗೆ ಧೊಪ್ಪನೆ ಕುಸಿದು, "ಅಯ್ಯೋ, ಬಾವಿಗೆ ಬಿದ್ದ ಹಾಗಾಯ್ತಲ್ಲೋ!" ಎಂದರು.

ಗಾಡಿ ಹೊರಟಿತು. "ಬಂತು" ಎಂದರು ಮೆಲ್ಲಣ್ಣ. "ಒಂದು" ಎಂದರು ಟೀಚರಮ್ಮ. ನಾಲ್ಕು ಜನ ತುಂಬಿದ ಸೆಡಾನಿನ ಹೊಟ್ಟೆ ರಸ್ತೆಗೆ ತಾಗೀತೆಂಬ ಇನ್ನೊಂದು ಅಳುಕೂ ಇತ್ತು. ಒಂಬತ್ತನೆಯ ಹಂಪು ಎಲ್ಲಕ್ಕಿಂತ ಎತ್ತರ, ಶಾಲೆಯ ಮುಂದಿನದು. ಮೆಲ್ಲಣ್ಣ ಗಾಡಿಯನ್ನು ಓರೆ ಮಾಡಿ ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಿದರು. ಎಲ್ಲೂ ತಾಗಲಿಲ್ಲ. "ಒಂಬತ್ತು" ಎಂದಿತು ಹಿಂದಿನ ದನಿ. ಆಮೇಲೆ ಹತ್ತು, ಹನ್ನೊಂದು, ಹನ್ನೆರಡು. ಅಲ್ಲಿಗೆ ಎಣಿಕೆ ನಿಂತುಹೋಯಿತು.

ಮೆಲ್ಲಣ್ಣ ಮೊದಲಿಗೆ ಗಮನಿಸಲಿಲ್ಲ. ಹತ್ತೊಂಬತ್ತು ದಾಟಿದ ಮೇಲೆ ಕನ್ನಡಿ ನೋಡುತ್ತಾರೆ: ಟೈಲರ್‌ನ ತಲೆ ಒಂದು ಕಡೆಗೆ ವಾಲಿದೆ, ಬಾಯಿ ತೆರೆದಿದೆ, ಟೀಚರಮ್ಮನ ಕಣ್ಣು ಮುಚ್ಚಿದೆ. ಬಿಪಿ ಇಳಿದುಬಿಟ್ಟಿತೇ? ಗಾಡಿಯನ್ನು ಪಕ್ಕಕ್ಕೆ ಹಾಕಿ ಹಿಂದಕ್ಕೆ ತಿರುಗಿ "ಟೀಚರಮ್ಮ! ಟೀಚರಮ್ಮ!" ಎಂದು ಕೂಗಿದರು.

ಅವರು ಕಣ್ಣು ಬಿಟ್ಟರು. "ಯಾಕೋ ನಿಲ್ಲಿಸಿದೆ?"

"ನೀವು ಎಣಿಸ್ತಾನೇ ಇಲ್ಲ!"

"ಎಷ್ಟಾಯ್ತು?"

"ಹತ್ತೊಂಬತ್ತು."

"ಹತ್ತೊಂಬತ್ತಾ? ಹೋಗೋ, ಸುಳ್ಳು ಹೇಳ್ಬೇಡ." ಕಿಟಕಿಯಾಚೆ ನೋಡಿ, ಹತ್ತೊಂಬತ್ತನೆಯ ಹಂಪಿನ ಪಕ್ಕದ ಔಷಧಿ ಅಂಗಡಿಯ ಗುರುತು ಹಿಡಿದರು. "ಹನ್ನೆರಡರ ಮೇಲೆ ನಂಗೆ ಗೊತ್ತೇ ಆಗ್ಲಿಲ್ಲ ಕಣೋ."

ಟೈಲರ್‌ಗೆ ಎಚ್ಚರವೇ ಆಗಲಿಲ್ಲ. ಎರಡು ವರ್ಷದಲ್ಲಿ ಆ ದಾರಿಯಲ್ಲಿ ಅವರು ನಿದ್ದೆ ಮಾಡಿದ್ದು ಅದೇ ಮೊದಲು.

ಆದರೆ ಟೀಚರಮ್ಮನ ಮನೆ ಬಂದಾಗ ಖುಷಿಯೆಲ್ಲ ಇಳಿದುಹೋಯಿತು. ಒಂದು ಸಲ ಏಳಲು ನೋಡಿದರು, ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲವೂ ಸೀಟಿಗೇ ಕುಸಿದಾಗ ಅವಮಾನಕ್ಕೆ ಮುಖ ಕೆಂಪಾಯಿತು. ಷೋರೂಮಿನ ಯುವತಿ ಸೂಕ್ಷ್ಮದವಳು, ಫೋನು ನೋಡುವವಳ ಹಾಗೆ ಅತ್ತ ತಿರುಗಿಕೊಂಡಳು. ಕೊನೆಗೆ ಮೆಲ್ಲಣ್ಣ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದರು. "ಬೇಡ ಬಿಡಿ ಟೀಚರಮ್ಮ. ಎತ್ತರದ್ದೇ ತಗೋತೀನಿ. ನಿಮ್ಮ ಕೈಲಿ ಇಳಿಯೋಕಾಗದ ಗಾಡಿ ಇಟ್ಕೊಂಡು ನಾನೇನು ಮಾಡ್ಲಿ?"

ಟೀಚರಮ್ಮ ಗೇಟು ಹಿಡಿದು ಉಸಿರು ತಗೊಂಡರು. ಆಮೇಲೆ ತರಗತಿಯ ದನಿಯಲ್ಲೇ ಶುರು ಮಾಡಿದರು. "ಹತ್ತೋದು ಒಂದು ನಿಮಿಷ, ಇಳಿಯೋದು ಒಂದು ನಿಮಿಷ. ಮಧ್ಯೆ ಕೂತಿರೋದು ನಲವತ್ತೈದು ನಿಮಿಷ. ಎರಡು ನಿಮಿಷದ ಕಷ್ಟಕ್ಕೆ ನಲವತ್ತೈದು ನಿಮಿಷದ ಸುಖ ಬಿಡು ಅಂತೀಯಲ್ಲ, ಯಾವ ಶಾಲೇಲಿ ಕಲಿತೆ ನೀನು ಲೆಕ್ಕ? ಎರಡು ನಿಮಿಷಕ್ಕೆ ಏನಾದ್ರೂ ದಾರಿ ಹುಡುಕು. ಹುಡುಕದೆ ಬೇಡ ಅನ್ಬೇಡ."

ದಾರಿ ಸಿಕ್ಕಿದ್ದು ಟೈಲರ್‌ನಿಂದ. ಶುಕ್ರವಾರ ಟೀಚರಮ್ಮನ ಮರದ ಸ್ಕೇಲು ಹಿಡಿದು ಮೂವರೂ ಷೋರೂಮಿನಲ್ಲಿ ಅಳತೆಗೆ ನಿಂತರು. ಆಸ್ಪತ್ರೆಯಿಂದ ನೇರವಾಗಿ, ಕೈಯ ಪಟ್ಟಿ ಬಿಚ್ಚುವ ಮುಂಚೆಯೇ! ಸೀಟು ಇನ್ನು ನಾಲ್ಕು ಇಂಚು ಎತ್ತರವಿದ್ದರೆ ಸಾಕು ಎಂದಾಯಿತು. ಹಿಂದಿನ ಸೀಟಿಗೆ ದಿಂಬು ಹಾಕಿದರೆ ಟೀಚರಮ್ಮನ ತಲೆ ಚಾವಣಿಗೆ ತಾಗುತ್ತದೆ, ಮುಂದಿನ ಸೀಟಿನಲ್ಲಿ ತಾಗುವುದಿಲ್ಲ. ಹಳೆಯ ವ್ಯಾನಿನಲ್ಲಿ ಮುಂದಿನ ಸೀಟಿನ ಕೆಳಗೇ ಇಂಜಿನ್ನು ಬಿಸಿಯಾಗುತ್ತಿದ್ದರಿಂದ ಯಾರಿಗೂ ಅಲ್ಲಿ ಕೂರುವ ಯೋಚನೆಯೇ ಬಂದಿರಲಿಲ್ಲ. ಟೈಲರ್ ಎರಡೇ ದಿನದಲ್ಲಿ ಗಟ್ಟಿ ಸ್ಪಂಜಿನ ದಿಂಬು ಹೊಲಿದು ತಂದರು, ಜೊತೆಗೆ ಸೊಂಟಕ್ಕೆ ಸುತ್ತುವ ದಪ್ಪ ಬಟ್ಟೆಯ ಅಗಲ ಪಟ್ಟಿ, ಅದಕ್ಕೆ ಎರಡು ಹಿಡಿಕೆ. ಸೋಮವಾರ ಹನ್ನೊಂದೂವರೆಗೆ ಮತ್ತೆ ಷೋರೂಮಿನಲ್ಲಿ, ಕಾಲಿನಲ್ಲಿ ಕಸುವಿಲ್ಲದ ಹೊತ್ತಿನಲ್ಲೇ, ಟೀಚರಮ್ಮ ಮುಂದಿನ ಸೀಟಿನಲ್ಲಿ ಕೂತರು. ಮೆಲ್ಲಣ್ಣ ಹಿಡಿಕೆಗೆ ಕೈ ಕೊಟ್ಟರು ಅಷ್ಟೇ. ಟೀಚರಮ್ಮ ಎದ್ದು ನಿಂತರು. "ಇನ್ಮೇಲೆ ಹೆಡ್‌ಮಿಸ್ಟ್ರೆಸ್ ಹಾಗೆ ಮುಂದೆ ನಾನು" ಎಂದರು ಸುತ್ತ ನೋಡಿ. ಟೈಲರ್‌ನ ಕಣ್ಣು ಆಗಲೇ ಹಿಂದಿನ ಖಾಲಿ ಸೀಟಿನ ಮೇಲಿತ್ತು. "ಹಾಗಾದ್ರೆ ಇದು ಪೂರ್ತಿ ನಂದಾ ಅಣ್ಣ? ಕಾಲು ಚಾಚಿ ಮಲಗಬಹುದಾ?"

ಮಂಗಳವಾರದ ಇಬ್ಬರೂ ಕೂತು, ಎದ್ದು, ಹೂಂ ಎಂದಿದ್ದಾರೆ. ಕಡುನೀಲಿ ಸೆಡಾನ್ ಬುಕ್ ಆಗಿದೆ. ಬರಲು ಇನ್ನೂ ಎರಡು ವಾರ ಬೇಕು. ಹೆಂಡತಿ ಈಗಲೇ ಒರೆಸುವ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಡಚಿಟ್ಟಿದ್ದಾರೆ. ಕೇಳಿದರೆ "ಇವರ ಕೈಲಿ ಆಗುತ್ತಾ?" ಎಂದು ಮೂಗು ಮುರಿಯುತ್ತಾರೆ.

ಅಲ್ಲಿಯವರೆಗೆ ಹಳೆಯ ವ್ಯಾನೇ. ಇಂದೂ ಹನ್ನೊಂದೂಕಾಲಿಗೆ ಆಸ್ಪತ್ರೆಯ ಗೇಟಿನಲ್ಲಿ ಮಣೆ ಇಟ್ಟು ಇಬ್ಬರನ್ನೂ ಹತ್ತಿಸಿಕೊಂಡಿದ್ದಾರೆ. ಟೀಚರಮ್ಮ ಎಡಗೈ ಅವುಚಿಕೊಂಡು ಒಂದೂ ಬಿಡದೆ ಎಣಿಸುತ್ತಾರೆ. ಮನೆಯ ಮುಂದಿನ ತಿರುವಿನಲ್ಲಿ "ಇಪ್ಪತ್ತಮೂರು" ಎಂದು ಉಸಿರು ಬಿಡುತ್ತಾರೆ. ಮೆಲ್ಲಣ್ಣ ಅವರನ್ನು ಬಾಗಿಲವರೆಗೆ ಬಿಟ್ಟು ಬಂದು, ಮಣೆಯನ್ನು ಎತ್ತಿಟ್ಟು, ಖಾಲಿ ಸೀಟಿನ ಮೇಲೆ ಒಂದು ಸಲ ಕೈಯಾಡಿಸುತ್ತಾರೆ.

ಹೊಸ ಗಾಡಿ ಬಂದ ದಿನ ಏನು ಆಸೆ ಎಂದು ಕೇಳಿದರೆ ತಲೆ ಕೆರೆದುಕೊಂಡು ನಗುತ್ತಾರೆ.

"ನಮ್ಮಕ್ಕನ್ನ ಕೂರಿಸೋಕಂತೂ ಆಗಲ್ಲ. ಟೀಚರಮ್ಮಂಗೆ ದಿನಾ ಲೆಕ್ಕ ತಪ್ಪಬೇಕು. ಅಷ್ಟಾದ್ರೆ ಸಾಕು."