ಪಿಯಾನೋಗೆ ತೆಂಗಿನೆಣ್ಣೆ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡಲಿ, ಬೇಡವೆಂದವರಾರು? ಆದರೆ ಬದುಕಿದ್ದಾಗ ಆಡಬೇಕಾಗಿದ್ದ ಒಂದು ಮಾತನ್ನು ನುಂಗಿಕೊಂಡು, ಸತ್ತ ಮೇಲೆ ಗಂಟೆಗಟ್ಟಲೆ ಹೊಗಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರಲ್ಲಿ ನಾನೂ ಒಬ್ಬ. ಅದಕ್ಕೇ ಇಷ್ಟು ಉರಿ.

ನಾನು ಹೇಳುತ್ತಿರುವವರು ಕಾಸರಗೋಡಿನ ಹತ್ತಿರದ ಬೇಳದ ಕಡೆಯ ಒಬ್ಬರು ಕೊಂಕಣಿ ಕ್ರೈಸ್ತರು. ಬೊಂಬಾಯಿಯ ದೊಡ್ಡದೊಂದು ಹೋಟೆಲಿನಲ್ಲಿ ಹತ್ತು ಹನ್ನೆರಡು ವರ್ಷ ಜಾಝ್ ಪಿಯಾನೋ ನುಡಿಸಿದವರು. ಅವರು ತೀರಿಕೊಂಡು ತಿಂಗಳಾದ ದಿನ, ಇಗರ್ಜಿಯ ಪೂಜೆ ಮುಗಿಸಿ ಅವರ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತ ಅಭಿಮಾನಿಗಳು ನಾವು ಮೂವರೇ. ಒಬ್ಬರು ಕುಂಬಳೆಯ ಬ್ಯಾರಿ, ಆ ಹೋಟೆಲಿನ ಅಡುಗೆಮನೆಗೆ ಸಾಮಾನು ಸಾಗಿಸುವ ಲಿಫ್ಟು ನಡೆಸುತ್ತಿದ್ದವರು. ಇನ್ನೊಬ್ಬ ಕಾರಡ್ಕದ ತುಳುವ, ಪಾತ್ರೆ ತೊಳೆಯುತ್ತಿದ್ದವನು. ಮೂರನೆಯವನು ಪುತ್ತಿಗೆಯ ನಾನು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವನು. ಜಾಝ್ ಎಂದರೆ ಏನೆಂದು ನಮಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರು ನುಡಿಸುತ್ತಿದ್ದ ಕುಣಿತದ ಹಾಲಿನೊಳಗೆ ಒಂದು ದಿನವೂ ನಾವು ಕಾಲಿಟ್ಟವರಲ್ಲ.

ಅಡುಗೆಮನೆಯವರ ಮುಖ ಅತಿಥಿಗಳಿಗೆ ಕಾಣಬಾರದು ಎಂಬುದು ಅಲ್ಲಿನ ಕಟ್ಟಳೆ. ಹಾಲಿಗೂ ನಮಗೂ ನಡುವೆ ಒಂದು ತೂಗುಬಾಗಿಲು ಇತ್ತು. ಪರಿಚಾರಕರು ತಟ್ಟೆ ಹಿಡಿದು ಹೋಗಿ ಬರುವಾಗ ಅದು ತೆರೆದಷ್ಟೂ ಸಂಗೀತ ನಮ್ಮ ಪಾಲು. ಅಡುಗೆಮನೆಯಲ್ಲಿ ಊರಿನವರು ಇದ್ದಾರೆ ಎಂದು ತಿಳಿದ ಮೇಲೆ ನಮ್ಮ ಪಿಯಾನೋದವರಿಗೆ ಒಂದು ಚೇಷ್ಟೆ ಅಭ್ಯಾಸವಾಯಿತು. ಸಂಜೆಯ ಚಹಾದ ಹೊತ್ತಿಗೆ ದೊರೆಗಳೂ ದೊರೆಸಾನಿಗಳೂ ಕೈ ಕೈ ಹಿಡಿದು ಕುಣಿಯುತ್ತಿದ್ದರೆ, ಎಡಗೈಯಲ್ಲಿ ಇಂಗ್ಲಿಷು ತಾಳವನ್ನು ಬಿಡದೆ ಬಲಗೈಯಲ್ಲಿ ನಮ್ಮೂರ ಹೆಂಗಸರು ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುವ ರಾಗವನ್ನು ಮೆಲ್ಲನೆ ಸೇರಿಸಿಬಿಡುತ್ತಿದ್ದರು. ಹಾಲಿನಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಬಾಗಿಲ ಹಿಂದೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

"ನೋಡು ಮಾರಾಯ, ದೊರೆಸಾನಿ ಕೆಸರಿಗೆ ಇಳಿದಾಯಿತು!" ಎನ್ನುತ್ತಿದ್ದ ಕಾರಡ್ಕದವನು.

ಆಮೇಲೆ ಅವರು ಕಪ್ಪು ಕೋಟಿನಲ್ಲೇ ಅಡುಗೆಮನೆಗೆ ಬಂದು, "ಎಷ್ಟು ಗದ್ದೆ ಆಯಿತು ಇವತ್ತು?" ಎಂದು ಕೇಳಿ, ನಿಂತಲ್ಲೇ ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದರು. ಹೋಟೆಲಿನಲ್ಲಿ ನಮ್ಮನ್ನು ಮನುಷ್ಯರೆಂದು ಕಂಡವರು ಅವರೊಬ್ಬರೇ. ಅವರಿಗಾಗಿ ಪ್ರಾಣ ಕೊಡಲು ನಾವು ತಯಾರಿದ್ದೆವು. ಪ್ರಾಣ ಕೊಡುತ್ತೇನೆ ಎನ್ನುವುದು ಸುಲಭ, ಅದನ್ನು ಯಾರೂ ಕೇಳುವುದಿಲ್ಲವಲ್ಲ.

ಸ್ವಾತಂತ್ರ್ಯ ಬಂತು, ಅದರ ಹಿಂದೆ ಬೊಂಬಾಯಿಗೆ ಪಾನನಿಷೇಧವೂ ಬಂತು. ಕುಡಿಯದೆ ಕುಣಿಯುವವರು ಯಾರು? ಹೋಟೆಲಿನವರು ಬ್ಯಾಂಡನ್ನು ಬರಖಾಸ್ತು ಮಾಡಿದರು. ಪಿಯಾನೋದವರು ಊರಿಗೆ ಬಂದು ಅಕ್ಕನ ಮನೆ ಸೇರಿದರು. ಅಷ್ಟರಲ್ಲಿ ಕಾಯಿಲೆಯೊಂದು ಹಿಡಿದು ಬೆರಳುಗಳಿಗೆ ಆಗಾಗ ಜೋಮು ಬರುತ್ತಿತ್ತು. ನಾನು ಅವರಿಗಿಂತ ಮೊದಲೇ ಊರಿಗೆ ಬಂದು ಕಾಸರಗೋಡಿನ ಒಂದು ಕ್ಲಬ್ಬಿನ ಕ್ಯಾಂಟೀನು ಹಿಡಿದಿದ್ದೆ. ಬಿಳಿಯರು ಬಿಟ್ಟುಹೋದ ಆ ಕ್ಲಬ್ಬಿನಲ್ಲಿ ಈಗ ವಕೀಲರೂ ಆಫೀಸರುಗಳೂ ಇಸ್ಪೀಟು ಆಡುತ್ತಿದ್ದರು. ಮೂಲೆಯಲ್ಲಿ ಒಂದು ಪಿಯಾನೋ ಇತ್ತು.

ಒಂದು ದಿನ ಅವರು ನನ್ನನ್ನು ನೋಡಲು ಬಂದವರು ಅದನ್ನು ಕಂಡರು.

"ಇದನ್ನು ಯಾರಾದರೂ ಮುಟ್ಟುತ್ತಾರಾ?"

"ಮೇಲೆ ಪೇಪರು ಇಡುತ್ತಾರೆ," ಎಂದೆ.

ಅವರು ನಗಲಿಲ್ಲ. "ಅರ್ಧ ಗಂಟೆ ಸಿಕ್ಕಿದರೆ ಸಾಕಿತ್ತು. ನನ್ನ ಕೈ ಇನ್ನೂ ಉಂಟಾ ಇಲ್ಲವಾ ಅಂತ ಒಮ್ಮೆ ಗೊತ್ತಾಗಬೇಕು," ಎಂದರು.

ಕ್ಲಬ್ಬಿನ ಕಾರ್ಯದರ್ಶಿಯ ಬೆನ್ನು ಬಿದ್ದೆ. ಸದಸ್ಯರಲ್ಲದವರು ಸಾಮಾನು ಮುಟ್ಟುವ ಹಾಗಿಲ್ಲ ಎಂದರು. ಮಳೆಗಾಲವಿಡೀ ಕಾಡಿದ ಮೇಲೆ, ಒಂದು ಆದಿತ್ಯವಾರ ಮಧ್ಯಾಹ್ನ ನುಡಿಸಲಿ, ಸದಸ್ಯರೂ ಕೇಳಿದ ಹಾಗಾಯಿತು ಎಂದು ಒಪ್ಪಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪಿಯಾನೋದ ಮುಚ್ಚಳ ತೆಗೆದು ನೋಡಿದೆ. ಬೆರಳಿಟ್ಟು ನುಡಿಸುವ ಮನೆಗಳಲ್ಲಿ ಒಂದನ್ನು ಒತ್ತಿದರೆ ಠಣ್ ಎಂದಿತು, ಸ್ವರ ಸ್ವಲ್ಪ ಒಡಕು ಅಷ್ಟೆ. ಆದರೆ ಒಳಗಿನ ತಂತಿಗಳಿಗೆ ತುಕ್ಕು ಹಿಡಿದಿತ್ತು. ನಮ್ಮ ಕಡೆ ತುಕ್ಕಿಗೆ ಮದ್ದು ಒಂದೇ. ಕತ್ತಿಗಿರಲಿ, ಬಾಗಿಲ ತಿರುಗಣಿಗಿರಲಿ, ಬಾವಿಯ ರಾಟೆಗಿರಲಿ, ತೆಂಗಿನೆಣ್ಣೆ. ಮನೆಯಿಂದ ಹೊಸ ಗಾಣದೆಣ್ಣೆ ತಂದೆ. ಒಂದೊಂದು ತಂತಿಯನ್ನೂ ಹತ್ತಿಬಟ್ಟೆಯಿಂದ ಉಜ್ಜಿದೆ. ತಂತಿಗೆ ಬಡಿಯುವ, ತುದಿಗೆ ಉಣ್ಣೆ ಸುತ್ತಿದ ಸಣ್ಣ ಸಣ್ಣ ಸುತ್ತಿಗೆಗಳ ಸಾಲೊಂದಿತ್ತು. ಅವು ಒಣಗಿ ಕೂತಿವೆಯಲ್ಲ ಎಂದು ಕನಿಕರಪಟ್ಟು, ಮಗುವಿನ ನೆತ್ತಿಗೆ ಹಾಕಿದಂತೆ ಅವಕ್ಕೂ ಧಾರಾಳವಾಗಿ ಹಾಕಿದೆ. ಮಾರನೆಯ ದಿನ ಅದೇ ಮನೆ ಒತ್ತಿದರೆ ದಬ್ ಎಂದಿತು. ಉಣ್ಣೆ ಎಣ್ಣೆ ಕುಡಿದಿತ್ತು. ಆದಿತ್ಯವಾರದೊಳಗೆ ಆರೀತು ಎಂದು ನನಗೆ ನಾನೇ ಹೇಳಿಕೊಂಡೆ.

ಆದಿತ್ಯವಾರ ಅವರು ಅದೇ ಕಪ್ಪು ಕೋಟು ಹಾಕಿಕೊಂಡು ಬಂದರು. ಹತ್ತಿಪ್ಪತ್ತು ಸದಸ್ಯರು ಬೆತ್ತದ ಕುರ್ಚಿಗಳಲ್ಲಿ ಕೂತಿದ್ದರು. ಅವರು ನುಡಿಸತೊಡಗಿದರು. ಗೋಣಿಚೀಲಕ್ಕೆ ಗುದ್ದಿದ ಹಾಗೆ ಸದ್ದು. ಒತ್ತಿದ ಮನೆ ಮೇಲಕ್ಕೆ ಬರಲು ಹೊತ್ತು ಹಿಡಿಯುತ್ತಿತ್ತು. ಅವರು ಇನ್ನಷ್ಟು ಬಲ ಹಾಕಿ ಒತ್ತಿದರು. ಹಣೆಯಲ್ಲಿ ಬೆವರು ಬಂತು. ನಿಲ್ಲಿಸಿದರು. ಪಿಯಾನೋದ ಕಡೆ ಅವರು ನೋಡಲೇ ಇಲ್ಲ. ಕೈಗಳನ್ನು ಎತ್ತಿ ತಮ್ಮ ಬೆರಳುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

"ಪಾಪ, ಕೈ ಹೋಗಿದೆ," ಎಂದರು ಒಬ್ಬ ವಕೀಲರು. ಮೆಲ್ಲನೆಯೇ ಅಂದದ್ದು, ಆದರೂ ಎಲ್ಲರಿಗೂ ಕೇಳಿಸಿತು.

ನಾನು ಚಹಾದ ತಟ್ಟೆ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. 'ಕೈಯದ್ದು ತಪ್ಪಲ್ಲ, ಎಣ್ಣೆ ಹಾಕಿದ್ದು ನಾನು' ಎಂಬ ಒಂದೇ ಮಾತು ಸಾಕಿತ್ತು. ಕಾರ್ಯದರ್ಶಿ ಎದುರಿಗೇ ಇದ್ದರು. ಕ್ಲಬ್ಬಿನ ಸಾಮಾನು ಹಾಳು ಮಾಡಿದವನೆಂದು ಹೊರಗೆ ಹಾಕುತ್ತಾರೆಂಬ ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತಲೂ ಹೆಚ್ಚಾಗಿ, ಇಷ್ಟು ಜನರ ಮುಂದೆ ಹಳ್ಳಿಗುಗ್ಗು ಎನಿಸಿಕೊಳ್ಳುವ ನಾಚಿಕೆ. ಪಿಯಾನೋದ ಬಳಿಗೆ ಹೋಗಿ, "ಚಹಾ ತೆಗೆದುಕೊಳ್ಳಿ," ಎಂದೆ. ಅವರು ಕುಡಿದು, ಎಲ್ಲರಿಗೂ ಕೈಮುಗಿದು ಹೊರಟರು.

ಗೇಟಿನ ತನಕ ಜೊತೆಗೆ ಹೋದೆ. "ಗೊತ್ತಾಯಿತಲ್ಲ. ಅಷ್ಟು ಸಾಕು. ನಿನ್ನಿಂದ ಉಪಕಾರ ಆಯಿತು," ಎಂದರು ಅವರು.

ಮುಂದಿನ ವಾರ ಬೇಳಕ್ಕೆ ಹೋಗಿ ಎಲ್ಲ ಹೇಳಿಬಿಡಬೇಕು ಎಂದುಕೊಂಡೆ. ಮುಂದಿನ ವಾರ ಅದರ ಮುಂದಿನ ವಾರವಾಯಿತು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನನ್ನ ಮನೆ ಏನೂ ಹಾಳಾಗಲಿಲ್ಲ, ಚೆನ್ನಾಗಿಯೇ ಇತ್ತು. ಎರಡು ಮೂರು ಸಲ ಪೇಟೆಯಲ್ಲಿ ಅವರು ಎದುರು ಸಿಕ್ಕಿದರು. ನಾನು ಮಳೆಯ ಮಾತು, ಬಸ್ಸಿನ ಮಾತು ಆಡಿದೆ. ಹಾಗೆ ಮೂರು ವರ್ಷ ಕಳೆಯಿತು. ಅವರು ಸತ್ತರು.

ತಿಂಗಳ ಪೂಜೆಯ ದಿನ ಜಗಲಿಯಲ್ಲಿ ಅಕ್ಕ ನಮಗೆ ಚಹಾ ಕೊಟ್ಟರು. ಬ್ಯಾರಿ ಹಳೆಯದನ್ನೆಲ್ಲ ನೆನೆದು ಕಣ್ಣೊರೆಸಿಕೊಂಡರು. ಕಾರಡ್ಕದವನು ನನ್ನ ಬೆನ್ನು ತಟ್ಟಿ, "ನಾವೆಲ್ಲ ಬಾಯಲ್ಲಿ ಮಾತ್ರ. ಕಡೆಗೆ ಅವರನ್ನು ಪಿಯಾನೋದ ಮುಂದೆ ಕೂರಿಸಿದ್ದು ಇವನೇ," ಎಂದ. ನಾನು ಲೋಟದೊಳಗೆ ನೋಡುತ್ತ ಕೂತೆ.

ಅಕ್ಕ ಬಾಗಿಲಿಗೆ ಒರಗಿ ನಿಂತೇ ಹೇಳಿದರು. "ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಊಟದ ಮೇಜಿನ ಅಂಚಿನಲ್ಲಿ ಬೆರಳು ಆಡಿಸುತ್ತಿದ್ದ. ನಿಲ್ಲಿಸಬೇಡ ಅಂತ ಬೊಂಬಾಯಿ ಡಾಕ್ಟ್ರು ಹೇಳಿದ್ದರಂತೆ. ಕ್ಲಬ್ಬಿನಿಂದ ಬಂದ ಮೇಲೆ ಕೈಯನ್ನು ಕಿಸೆಯಿಂದ ಹೊರಗೆ ತೆಗೆದದ್ದೇ ಕಡಿಮೆ. ಮಂಗಳೂರಿನ ಒಬ್ಬರು ಪಾದ್ರಿಗಳು ಕಾಗದ ಬರೆದಿದ್ದರು. ಪಿಯಾನೋ ಬಂದುಂಟು, ಮಕ್ಕಳಿಗೆ ಕಲಿಸಲಿಕ್ಕೆ ಬಾ ಅಂತ. ಬೆರಳು ಸತ್ತಿದೆ, ಆ ಮಕ್ಕಳ ಮುಂದೆ ನಗೆಪಾಟಲು ಬೇಡ ಅಂತ ಉತ್ತರ ಹಾಕಿದ. ಮತ್ತೆ ಎರಡು ಸಲ ಬರೆದರು. ಇವನು ಒಡೆದೂ ನೋಡಲಿಲ್ಲ."

ನನಗೆ ತಡೆಯಲಾಗಲಿಲ್ಲ. ಎಣ್ಣೆ, ಉಣ್ಣೆ, ದಬ್ ಎಂದದ್ದು, ನಾನು ಬಾಯಿ ಮುಚ್ಚಿ ನಿಂತದ್ದು, ಎಲ್ಲವನ್ನೂ ಹೇಳಿದೆ. "ಅವರ ಕೈ ಸರಿ ಇತ್ತು," ಎಂದೆ. ಕಾರಡ್ಕದವನು ನನ್ನ ಪಕ್ಕದಿಂದ ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತ.

ಅಕ್ಕ ಬಾಗಿಲು ಬಿಟ್ಟು ಮುಂದೆ ಬಂದರು. ನನ್ನ ಕೈಯಿಂದ ಲೋಟ ತೆಗೆದುಕೊಂಡರು.

"ಅದನ್ನು ನನ್ನ ಹತ್ತಿರ ಎಂತಕ್ಕೆ ಹೇಳುವುದು ನೀನು?" ಎಂದರು. "ಬೆರಳು ನನ್ನದಲ್ಲವಲ್ಲ."