ವರ್ನಾ ಕೂರಿಸಿದ ಬಾಗಿಲು

ಲೈಲ್ ಡಂಬ್ರೌಸ್ಕಿ ಮಿಷಿಗನ್‌ನ ಓವೊಸ್ಸೊ ಊರಿನಲ್ಲಿ ಶಾಲೆಯ ಬಸ್ಸು ಓಡಿಸುವವನು. ಇಪ್ಪತ್ತೆರಡು ವರ್ಷ ಅದೇ ಹಳದಿ ಬಸ್ಸು. ಯಾರ ತಂಟೆಗೂ ಹೋಗದ, ಯಾರಲ್ಲೂ ಏನನ್ನೂ ಕೇಳಲು ನಾಚುವ ಮನುಷ್ಯ. ಐವತ್ತಕ್ಕೆ ಕಾಲಿಟ್ಟ ವರ್ಷ ಅವನಿಗೊಂದು ಹುಚ್ಚು ಹಿಡಿಯಿತು: ಮೂಲೆಗೆ ಬಿದ್ದ ಹಳೆಯ ಕಾರೊಂದನ್ನು ತನ್ನ ಕೈಯಾರೆ ಮತ್ತೆ ರಸ್ತೆಗೆ ತರಬೇಕು. ಬಸ್ಸಿನ ಚಕ್ರ ಬದಲಿಸಿದ್ದು ಬಿಟ್ಟರೆ ಆ ಕೆಲಸದ ಗಂಧಗಾಳಿ ಅವನಿಗಿರಲಿಲ್ಲ.

ಕಾರು ಸಿಕ್ಕಿದ್ದು ವರ್ನಾ ಟಟಲ್ ಎಂಬ ಎಪ್ಪತ್ತೆರಡರ ವಿಧವೆಯ ಕಣಜದ ಮನೆಯಲ್ಲಿ. ಸಾವಿರದೊಂಬೈನೂರ ಅರವತ್ತೆಂಟರಲ್ಲಿ ತಯಾರಾದ ಜಿಟಿಒ ಕಾರು. ಮಡಚುವ ಬಟ್ಟೆಯ ಚಾವಣಿ, ಮೂತಿಯೊಳಗೆ ಗೂಳಿಯಂಥ ಎಂಜಿನ್ನು, ತಳದಲ್ಲಿ ಹಪ್ಪಳದಂತೆ ಮುರಿಯುವ ತುಕ್ಕು. ಅದನ್ನು ಕೇಳಿಕೊಂಡು ಬಂದ ವ್ಯಾಪಾರಿಗಳನ್ನೆಲ್ಲ ಹೊಸ್ತಿಲಿನಿಂದಲೇ ಕಳಿಸಿದ್ದ ವರ್ನಾ, ಲೈಲ್‌ಗೆ ಒಂದೇ ಕರಾರು ಹಾಕಿದರು.

"ಬಿಡಿಬಿಡಿ ಮಾಡಿ ಮಾರ್ಬಾರ್ದು ಕಣಪ್ಪ. ಇದು ರಸ್ತೆ ಮೇಲೆ ಓಡ್ಬೇಕು. ಆಗುತ್ತಾ?"

"ಆಗುತ್ತೆ, ಮಿಸೆಸ್ ಟಟಲ್. ಮಾತು ಕೊಟ್ಟೆ."

ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರು. ಶಾಲೆಗೆ ರಜೆ, ಊರ ಗಂಡಸರೆಲ್ಲ ಕಿತ್ತಳೆ ಅಂಗಿ ತೊಟ್ಟು ಕಾಡು ಸೇರುವ ದಿನ. ಹೊರಡುವ ಮುನ್ನ ನೆರೆಯವರು ಬಂದು ಕಾರಿನ ಒಡಲನ್ನು ಚಕ್ರಗಳ ಚೌಕಟ್ಟಾದ ಚಾಸಿಯಿಂದ ಎತ್ತಿ, ಹಿಂದೊಂದು ಮುಂದೊಂದು ಆನಿಕೆಯ ಮೇಲೆ ಇಟ್ಟುಕೊಟ್ಟರು. "ನಾವು ಬರೋವರ್ಗೂ ಕೈ ಹಚ್ಬೇಡ ಮಾರಾಯ" ಎಂದೂ ಹೇಳಿದ್ದರು. ಲೈಲ್ ಕಾಯಲಿಲ್ಲ. ಬೇಡ ಎನ್ನಲು ಊರಲ್ಲಿ ಯಾರೂ ಇಲ್ಲದ ಆ ವಾರದಲ್ಲಿ ತುಕ್ಕು ಹಿಡಿದ ನೆಲವನ್ನೂ ಎರಡು ಪಕ್ಕದ ಅಂಚುಗಳನ್ನೂ ಕೊಯ್ದು ತೆಗೆದು, ಹೊಸ ತಗಡು ಬೆಸೆದ. ಬೆಸುಗೆ ನೋಡಿ ತಾನೇ ಬೀಗಿದ. ಆಮೇಲೆ ಬಾಗಿಲು ತೂಗುಹಾಕಿ ತಳ್ಳಿದ. ಮುಚ್ಚಲಿಲ್ಲ.

ಚಾವಣಿಯಿಲ್ಲದ ಕಾರಿಗೆ ನೆಲವೇ ಬೆನ್ನುಮೂಳೆ. ಅದನ್ನು ಕೊಯ್ಯುವ ಮೊದಲು ಬಾಗಿಲಿನ ತೆರವಿಗೆ ಅಡ್ಡಲಾಗಿ ಕಬ್ಬಿಣದ ಆಸರೆ ಕೊಡಬೇಕು. ಕೊಟ್ಟಿರಲಿಲ್ಲ. ಒಡಲು ನಡುವಿನಲ್ಲಿ ತೊಟ್ಟಿಲಿನಂತೆ ಜೋತಿತ್ತು. ಆ ಜೋಲನ್ನೇ ಲೈಲ್ ಗಟ್ಟಿಯಾಗಿ ಬೆಸೆದುಬಿಟ್ಟಿದ್ದ.

"ಒದ್ದು ನೋಡಿದ್ಯಾ?" ಎಂದಳು ಹೆಂಡತಿ ಮಾರ್ಲಾ.

"ನೋಡ್ದೆ."

"ನನ್ನ ಅಡುಗೆಮನೆ ಬೀರು ಬಾಗ್ಲೂ ಹಂಗೇ. ಹನ್ನೊಂದು ವರ್ಷದಿಂದ ದಾರ ಕಟ್ಟಿದೀನಿ, ನೀನು ನೋಡೇ ಇಲ್ಲ."

ಲೈಲ್ ನಗಲಿಲ್ಲ. ಬಿಡಿಭಾಗದ ವ್ಯಾಪಾರಿಯೊಬ್ಬ ಆಗಲೇ ಬಂದು ನೋಡಿ, "ಒಡಲು ಗುಜರಿಗೆ ಹಾಕು, ಎಂಜಿನ್ನು ನಂಗೆ ಕೊಡು" ಎಂದು ಹೋಗಿದ್ದ. ಬೇರೆ ದಾರಿಯೂ ಕಾಣುತ್ತಿರಲಿಲ್ಲ.

"ಮಾತು ಕೊಟ್ಟಿದ್ದು ಆ ಅಮ್ಮನಿಗೆ" ಎಂದಳು ಮಾರ್ಲಾ. "ಮುರಿಯೋದಾದ್ರೆ ಅವರೆದುರಿಗೇ ಹೋಗಿ ಮುರಿ."

ಭಾನುವಾರ ಚರ್ಚು ಮುಗಿಸಿ ಲೈಲ್ ಟೋಪಿ ಕೈಯಲ್ಲಿ ಹಿಡಿದು ವರ್ನಾ ಅವರ ಜಗಲಿಯಲ್ಲಿ ನಿಂತ. "ಕೆಡಿಸ್ಬಿಟ್ಟೆ, ಮಿಸೆಸ್ ಟಟಲ್. ಬಾಗ್ಲು ಮುಚ್ತಾ ಇಲ್ಲ."

"ಕೊಯ್ಯೋಕ್ ಮುಂಚೆ ಆಸರೆ ಕೊಟ್ಟಿದ್ಯಾ?"

ಅವನು ಬೆಪ್ಪಾದ. "ಇಲ್ಲ. ನಿಮಗೆ ಹೇಗೆ..."

"ಹತ್ತೊಂಬತ್ತು ವರ್ಷ ಕಾರಿನ ಕಾರ್ಖಾನೇಲಿ ಬಾಗ್ಲು ಕೂರಿಸ್ದೋಳು ಕಣೋ ನಾನು! ಎಲ್ರೂ ಇದು ನನ್ನ ಗಂಡನ ಕಾರು ಅಂದ್ಕೊಂಡಿದಾರೆ. ದುಡಿದೋಳು ನಾನು, ಕೊಂಡೋಳು ನಾನು. ಕಾರಿನ ಬಗ್ಗೆ ಒಂದು ಮಾತು ಕೇಳಿದ್ಯಾ ನನ್ನ? ಬರೀ ಆಗುತ್ತೆ ಆಗುತ್ತೆ ಅಂದೆ."

ಮುಂದಿನ ಶನಿವಾರ ಬೆಳಿಗ್ಗೆ ಅವರು ರಬ್ಬರ್ ಸುತ್ತಿಗೆ, ಒಂದು ಮರದ ತುಂಡು ಹಿಡಿದು ಗ್ಯಾರೇಜಿಗೆ ಬಂದರು. ಬೆಸುಗೆಯ ಮೇಲೆ ಬೆರಳಾಡಿಸಿದರು.

"ಚೆನ್ನಾಗೇ ಬೆಸೆದಿದೀಯ. ಅದೇ ತೊಂದ್ರೆ. ಕೊಯ್ಯಿ."

ತನ್ನ ಕೈಕೆಲಸವನ್ನು ಲೈಲ್ ತಾನೇ ಕೊಯ್ದ. ಕಾಡಿನಿಂದ ಮರಳಿದ ನೆರೆಯವರು ಜಿಂಕೆ ಮಾಂಸದ ಸಾಸೇಜ್ ತಂದರು, ಮನಸಾರೆ ಗೇಲಿ ಮಾಡಿದರು, ಆಮೇಲೆ ಒಡಲಿಗೆ ಹೆಗಲು ಕೊಟ್ಟರು. ನಡುವಿಗೆ ಜಾಕಿ, ಬಾಗಿಲಿನ ತೆರವಿಗೆ ತಿರುಗಿಸಿದಂತೆ ಉದ್ದವಾಗುವ ತಿರುಪಿನ ಸಲಾಕೆ. ವರ್ನಾ ಹೇಳಿದಂತೆ ಕಾಲು ಸುತ್ತು ತಿರುಗಿಸುವುದು, ಬಾಗಿಲು ಹಾಕಿ ನೋಡುವುದು, ಮತ್ತೆ ಕಾಲು ಸುತ್ತು. ಬಾಗಿಲಿನ ಸುತ್ತಲ ಸಂದು ಸಮನಾದ ಮೇಲೆಯೇ ಆಸರೆ ಕೊಟ್ಟು ಮತ್ತೆ ಬೆಸೆದರು. ನಾಲ್ಕು ಶನಿವಾರ ಹಿಡಿಯಿತು.

ಕೊನೆಯ ಶನಿವಾರ ವರ್ನಾ ಬಾಗಿಲಿಗೆ ಮಂಡಿ ಕೊಟ್ಟು, ಮರದ ತುಂಡು ಇಟ್ಟು ಒಂದೇ ಪೆಟ್ಟು ಹಾಕಿದರು. "ಭುಜ ಬೇಡ. ಎರಡು ಬೆರಳಲ್ಲಿ ತಳ್ಳು."

ತಳ್ಳಿದ. ಬಾಗಿಲು ಹೋಗಿ ತನ್ನ ಜಾಗದಲ್ಲಿ ಕೂತಿತು. ಲೈಲ್ ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡ.

"ನೋಡ್ರೋ ಇವನನ್ನ" ಎಂದರು ವರ್ನಾ. "ದಿನಕ್ಕೆ ನೂರಾರು ಬಾಗ್ಲು ಕೂರಿಸಿ ಕಳಿಸ್ತಿದ್ದೆ. ಯಾವುದು ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ಒಬ್ಬ ಕೂಡ ಬಂದು ಹಿಂಗೆ ಅತ್ತಿಲ್ಲ ಕಣೋ."

ಜೂನ್ ಎರಡನೆಯ ವಾರ ಬಣ್ಣ ಒಣಗಿದ ಕಾರನ್ನು ಲೈಲ್ ಮೊದಲು ಕೊಂಡೊಯ್ದದ್ದು ವರ್ನಾ ಅವರ ಅಂಗಳಕ್ಕೆ. ಬೀಗದ ಕೈ ಚಾಚಿದ. "ಮೊದಲು ನೀವು ಓಡಿಸ್ಬೇಕು."

"ಹೆದ್ರಿಕೆ ಆಗಲ್ವಾ ನಿಂಗೆ?"

"ಆಗುತ್ತೆ."

"ಹಂಗಾದ್ರೆ ಗಟ್ಟಿಯಾಗಿ ಹಿಡ್ಕೊ" ಎಂದು ಅವರು ಸ್ಟೀರಿಂಗ್ ಮುಂದೆ ಕುಳಿತರು. ಜೋಳದ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಎಂಜಿನ್ನು ಗುಟುರು ಹಾಕಿತು. ಮುಂದೆ ರೈಲು ಹಳಿ ಬಂದಾಗ ವರ್ನಾ ವೇಗ ತಗ್ಗಿಸಲಿಲ್ಲ. ಕಾರು ಎಗರಿ ಇಳಿಯಿತು. ಬಾಗಿಲುಗಳು ಕಿಮಕ್ಕೆನ್ನಲಿಲ್ಲ.