ಐದನೇ ನಾಬಿನ ಕರಕರ

ರೇಡಿಯೋ ಸ್ಟೇಷನ್ನಿನಿಂದ ರಿಟೈರ್ ಆದ ಮೇಲೆ ನನ್ನ ಯಜಮಾನರು ಬೈಲಹೊಂಗಲದ ನಮ್ಮ ಮನೆಯಲ್ಲಿ ಎರಡು ವರ್ಷ ಕೂತು ಒಂದು ಮಿಕ್ಸರ್ ಕಟ್ಟಿದರು. ಕಂಪ್ಯೂಟರಿನಲ್ಲಿ ಬಿಡಿಬಿಡಿಯಾಗಿರುವ ಹಾಡು, ವಾದ್ಯಗಳ ದನಿಯನ್ನು ಹಳೇ ಸ್ಟುಡಿಯೋ ಕನ್ಸೋಲಿನ ಸರ್ಕ್ಯೂಟಿನಲ್ಲಿ ಹಾಯಿಸಿ ಒಂದುಗೂಡಿಸುವ ಪೆಟ್ಟಿಗೆ ಅದು. ಕೊಳ್ಳಲು ಬಂದವನು ಯಲ್ಲಮ್ಮನ ಗುಡ್ಡದ ಪಕ್ಕದ ಉಗರಗೋಳದಲ್ಲಿ ಯಲ್ಲಮ್ಮನ ಹಾಡು ರೆಕಾರ್ಡ್ ಮಾಡುವವ.

ಅವನು ತಾನು ತಂದ ಹಾಡು ಹಾಕಿ ಐದನೇ ನಾಬ್ ತಿರುಗಿಸಿದ ಕೂಡಲೇ ಸ್ಪೀಕರಿನಲ್ಲಿ ಕರಕರ ಸದ್ದು.

“ಸಾಹೇಬ್ರ, ಇದೇನ್ರಿ?”

“ನಿನ್ನೆ ಪರ್ಫೆಕ್ಟ್ ಇತ್ತಲ್ಲ,” ಎಂದರು ಯಜಮಾನರು. ಮುಚ್ಚಳ ತೆಗೆದು ಒಂದೊಂದೇ ಬೆಸುಗೆ ಮುಟ್ಟಿ ನೋಡತೊಡಗಿದರು. ಬಂದವನು ತನ್ನ ಕೇಬಲ್ ಸುತ್ತಿಕೊಳ್ಳಲು ಶುರುಮಾಡಿದ.

ನನಗೆ ಕಾರಣ ಗೊತ್ತಿತ್ತು. ಬೆಳಿಗ್ಗೆ, ಗಂಡನ ಮನೆಗೆ ಹೊರಟ ಮಗಳಿಗೆ ಹಚ್ಚುವಂತೆ, ಪ್ರತಿ ನಾಬಿಗೂ ಕುಂಕುಮ ಹಚ್ಚಿದ್ದೆ. ಅವರು ಕಂಡರೆ ಬೈದಾರೆಂದು ಗಡಬಡಿಸಿ ಒರೆಸುವಾಗ ಐದನೆಯದರ ಸಂದಿಗೆ ಪುಡಿ ಉದುರಿತ್ತು. ಕಾನ್ವೆಂಟಿನಲ್ಲಿ ಕಲಿತವಳ ಸೈನ್ಸ್ ಅಷ್ಟೇ. ಸುಮ್ಮನಿದ್ದರೆ ಅವರ ಕೆಲಸಕ್ಕೇ ಕೆಟ್ಟ ಹೆಸರು.

“ಐ ಆಮ್ ಸಾರಿ,” ಎಂದೆ. “ಕುಂಕುಮ ಒಳಗ ಹೋಗೇದ. ನಾನ ಹಚ್ಚಿದ್ದೆ.”

ಯಜಮಾನರು ನನ್ನ ಕಡೆ ನೋಡಲಿಲ್ಲ. ಬಂದವನು ನಕ್ಕುಬಿಟ್ಟ.

“ಅಮ್ಮಾರ, ಗುಡ್ಡದ ಭಂಡಾರದ ಅರಿಷಿಣ ಹೋಗದ ಮಷೀನ್ ನಮ್ಮೂರಾಗ ಒಂದೂ ಇಲ್ರಿ.”

ಚೀಲದಿಂದ ಕ್ಲೀನರ್ ಸ್ಪ್ರೇ ತೆಗೆದು ನಾಬಿನ ಬುಡಕ್ಕೆ ಹೊಡೆದು, ಕೇಬಲ್ ಮತ್ತೆ ಸಿಕ್ಕಿಸಿ ಹತ್ತಾರು ಸಲ ತಿರುಗಿಸಿದ. ಕರಕರ ಕಡಿಮೆಯಾಯಿತು, ಆಮೇಲೆ ನಿಂತಿತು. ಚೌಡಕಿಯ ತಂತಿ ನಾದದ ಹಿಂದಿನಿಂದ ಹಾಡುವವಳ ಉಸಿರೂ ಕೇಳಿಸಿತು.

ಪೆಟ್ಟಿಗೆ ಅವನ ಕಾರಿಗೇರುವಾಗ ಯಜಮಾನರು ಮೆಲ್ಲಗೆ ಹೇಳಿದರು: “ಕುಂಕುಮ ತಗೊಂಡ್ ಬಾ. ಈ ಸಲ ಮುಚ್ಚಳಕ್ಕಷ್ಟ ಹಚ್ಚು.”